ಸ್ವಹಸ್ತದ ಉಡುಪು

ಅನ್ನ, ವಸ್ತ್ರ, ವಸತಿ ಎಂಬ ಮೂರನ್ನು ಮನುಷ್ಯನ ಮೊದಲ ಅಗತ್ಯಗಳೆಂದು ಎಲ್ಲರೂ ಎಣಿಸುತ್ತಾರೆ. ಇವುಗಳಲ್ಲಿ ಅನ್ನವನ್ನು ಇಂದಿಗೂ ಬಹುಮಟ್ಟಿಗೆ ನಮ್ಮ ನಮ್ಮ ಮನೆಗಳಲ್ಲಿಯೇ ಬೇಯಿಸಿಕೊಳ್ಳುತ್ತೇವೆ. ಮನೆ ಕಟ್ಟಿಸುವಾಗ ಬಿಸಿಲಲ್ಲಿ ನಿಂತು, ಬಾಗಿಲು ಇಲ್ಲಿರಲಿ, ಕಿಟಕಿ ಅಲ್ಲಿರಲಿ ಎಂದು ಹೇಳುತ್ತೇವೆ. ಹಗಲೂ ಇರುಳೂ ಮೈಗೆ ಅಂಟಿಕೊಂಡಿರುವ ಬಟ್ಟೆಯ ವಿಷಯದಲ್ಲಿ ಮಾತ್ರ ಕೇವಲ ಪರಾಧೀನರು. ಅದನ್ನು ಯಾರು ಕತ್ತರಿಸಿದರು, ಯಾರು ಹೊಲಿದರು, ಯಾರ ಮೈಯನ್ನು ಮನಸ್ಸಿನಲ್ಲಿಟ್ಟು ಅಳೆದರು ಎಂಬುದೊಂದನ್ನೂ ಅರಿಯೆವು. ಅಂಗಡಿಯವನು ಕೊರಳಪಟ್ಟಿಯ ಒಳಗಿನ ಚೀಟಿಯನ್ನು ನೋಡಿ, "ಇದು ನಿಮಗೆ ಆಗುತ್ತೆ ಸ್ವಾಮಿ" ಎಂದರೆ, ಆಗುತ್ತದೆಂದು ನಂಬಿ ಮನೆಗೆ ತರುತ್ತೇವೆ.

ನಾವು ಸಂಸ್ಕೃತದ ಪಾಠ ಹೇಳಿ ನಿವೃತ್ತರಾದವರು, ವಯಸ್ಸು ಅರುವತ್ತೆರಡು. ಕಳೆದ ಎರಡು ವರ್ಷಗಳಿಂದ ನಾವು ತೊಡುವ ಜುಬ್ಬ, ಪಾಯಿಜಾಮ, ಅರೆತೋಳಿನ ಅಂಗಿ ಎಲ್ಲವೂ ನಮ್ಮ ಕೈಯಿಂದಲೇ ಹೊಲಿದಂಥವು. ಇದನ್ನು ಕಂಡು ಬೀದಿಯವರು ನಕ್ಕುದುಂಟು. ಹಳೆಯ ಶಿಷ್ಯನೊಬ್ಬನು ಮನೆಗೆ ಬಂದವನು, "ಏನು ಮೇಷ್ಟ್ರೇ, ಪಿಂಚಣಿ ಸಾಲದೆ ಬಂತೇ?" ಎಂದು ನಿಜವಾದ ಕಕ್ಕುಲತೆಯಿಂದಲೇ ಕೇಳಿದನು. ಓದಿದವರಿಗೆ ತಕ್ಕ ಕೆಲಸವೇ ಇದು ಎಂಬುದೊಂದು ಆಕ್ಷೇಪ. ಗಂಡಸರಿಗೆ ತಕ್ಕ ಕೆಲಸವೇ ಎಂಬುದು ಇನ್ನೊಂದು. ಎರಡಕ್ಕೂ ಸಮಾಧಾನ ಹೇಳಿ ಮುಂದಕ್ಕೆ ಹೋಗುವುದು ಯುಕ್ತ.

ನಮ್ಮ ಪೂರ್ವಿಕರು ಹೊಲಿಯದ ಬಟ್ಟೆಯನ್ನೇ ಉಟ್ಟು ಹೊದೆಯುತ್ತಿದ್ದರು, ಹೊಲಿಗೆಯೆಂಬುದು ಹೊರಗಿನಿಂದ ಬಂದುದು ಎಂಬ ನಂಬಿಕೆ ಅನೇಕರಲ್ಲಿದೆ. ಮಡಿಗೆ ಹೊಲಿಯದ ವಸ್ತ್ರವೇ ಶ್ರೇಷ್ಠವೆಂಬ ಆಚಾರವು ಇದಕ್ಕೆ ಪುಷ್ಟಿ ಕೊಟ್ಟಿರಬಹುದು. ಆದರೆ ಅಮರಕೋಶವನ್ನು ಬಿಚ್ಚಿದವರಿಗೆ ಬೇರೆಯೇ ಕಾಣುತ್ತದೆ. ಅಮರಸಿಂಹನು ದರ್ಜಿಗೆ ತುನ್ನವಾಯ, ಸೌಚಿಕ ಎಂಬ ಎರಡು ಹೆಸರುಗಳನ್ನು ಕೊಟ್ಟಿದ್ದಾನೆ. ಸೂಚಿಯೆಂದರೆ ಸೂಜಿ, ಅದರಿಂದ ಬದುಕುವವನು ಸೌಚಿಕ. ಅವನ ಕೋಶದಲ್ಲಿ ಕೂರ್ಪಾಸಕವೂ ಇದೆ. ನಮ್ಮ ಕುಪ್ಪಸವು ಕೂರ್ಪಾಸದ ತದ್ಭವ. ಸಂಸ್ಕೃತ ನಾಟಕಗಳ ಅಂತಃಪುರದಲ್ಲಿ ಓಡಾಡುವ ವೃದ್ಧನಿಗೆ ಕಂಚುಕಿಯೆಂಬ ಹೆಸರು ಬಂದುದು ಅವನು ತೊಟ್ಟ ಕಂಚುಕದಿಂದ. ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಸೂಜಿಯ ಕೆಲಸವೂ ಒಂದು. ಇವನ್ನೆಲ್ಲ ನಾವು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೆವು. ಸೂತ್ರವೆಂದರೆ ದಾರ, ಗ್ರಂಥವೆಂದರೆ ಪೋಣಿಸಿ ಕಟ್ಟಿದ್ದು ಎಂದು ವ್ಯುತ್ಪತ್ತಿಯನ್ನೂ ಹೇಳಿದೆವು. ಸೂಜಿಯ ಕಣ್ಣಿಗೆ ದಾರ ಪೋಣಿಸಲು ಕುಳಿತ ಮೇಲೆ ಆ ಶಬ್ದಗಳಿಗೆ ಬೆರಳಿನ ತುದಿಯಲ್ಲಿಯೂ ಒಂದು ಅರ್ಥ ದೊರೆಯಿತು. ಓದಿದ್ದು ಹೊಲಿಗೆಗೆ ಅಡ್ಡಿಯಾಗಲಿಲ್ಲ; ಹೊಲಿಗೆಯು ಓದಿಗೆ ಸಹಾಯವನ್ನೇ ಮಾಡಿತು.

ಇನ್ನು ಗಂಡಸರ ಮಾತು. ಬೀದಿಯ ಅಂಗಡಿಯಲ್ಲಿ ಕುಳಿತು ಹೊಲಿಯುವ ದರ್ಜಿಯು ಗಂಡಸೇ; ಅಲ್ಲಿ ಅದು ವೃತ್ತಿ. ಅದೇ ಯಂತ್ರವನ್ನು ಮನೆಯ ಪಡಸಾಲೆಯಲ್ಲಿ ಇಟ್ಟ ಕೂಡಲೆ ಅದು ಹೆಂಗಸರ ಕೆಲಸವಾಗುತ್ತದೆ. ಕೂಲಿ ಬಂದರೆ ಪುರುಷಕಾರ್ಯ, ಬಾರದಿದ್ದರೆ ಸ್ತ್ರೀಕಾರ್ಯ ಎಂಬ ಈ ನ್ಯಾಯವನ್ನು ಯಾವ ಶಾಸ್ತ್ರದಲ್ಲಿಯೂ ನಾವು ಕಂಡಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರು ಇದ್ದರು. ಸೂಜಿಯ ಕೆಲಸವನ್ನು ಹೆಸರಿನ ಮುಂದೆಯೇ ಧರಿಸಿ ವಚನಕಾರರ ಪಂಕ್ತಿಯಲ್ಲಿ ನಿಂತವರ ನಾಡಿನಲ್ಲಿ, ಸೂಜಿ ಹಿಡಿದ ಗಂಡಸು ನಾಚಬೇಕಾದ ಕಾರಣವಿಲ್ಲ.

ಇಷ್ಟಾದರೂ ನಾವು ಈ ಕೆಲಸಕ್ಕೆ ಕೈಹಾಕಿದುದು ಅಮರಸಿಂಹನನ್ನು ಓದಿ ಅಲ್ಲ. ನಮ್ಮ ಮನೆಗೆ ಹೊಲಿಗೆಯ ಯಂತ್ರ ಬಂದು ಮೂವತ್ತು ವರ್ಷ ಮೀರಿತು. ಸಂಬಳದಲ್ಲಿ ತಿಂಗಳ ಕಂತು ಕಟ್ಟಿ ಕೊಂಡದ್ದು. ಕಾಲಿನಿಂದ ತುಳಿಯುವ ಬಗೆಯದು. ಮಕ್ಕಳ ಲಂಗ, ಚಡ್ಡಿ, ದಿಂಬಿನ ಗವಸು, ತನ್ನ ರವಿಕೆ ಎಲ್ಲವನ್ನೂ ಮನೆಯಾಕೆಯೇ ಹೊಲಿಯುತ್ತಿದ್ದಳು. ಎರಡು ವರ್ಷಗಳ ಹಿಂದೆ ಆಕೆಗೆ ಪಾರ್ಶ್ವವಾಯುವಾಗಿ ಎಡಗೈ ಎಡಗಾಲುಗಳ ಶಕ್ತಿ ಉಡುಗಿತು. ಮಾತು, ಬುದ್ಧಿ, ಬಲಗೈ ಉಳಿದುವು. ಆದರೆ ಹೊಲಿಯಲು ಎರಡು ಕೈಯೂ ಬೇಕು, ತುಳಿಯಲು ಕಾಲೂ ಬೇಕು. ಯಂತ್ರದ ಮೇಲೆ ಔಷಧದ ಸೀಸೆಗಳು ಸೇರತೊಡಗಿದುವು. ಕೆಲವು ತಿಂಗಳಾದ ಮೇಲೆ ಒಂದು ದಿನ ಆಕೆ, "ಆ ಸೀಸೆಗಳನ್ನು ತೆಗೆಯಿರಿ. ಸುಮ್ಮನೆ ಬಿಟ್ಟರೆ ಎಣ್ಣೆ ಅಂಟಾಗಿ ಮಿಷನ್ನು ತಿರುಗುವುದೇ ಇಲ್ಲ. ನೀವು ಕುಳಿತುಕೊಳ್ಳಿ, ನಾನು ಹೇಳಿಕೊಡುತ್ತೇನೆ" ಎಂದಳು. ಹೀಗೆ ಬೋಧಿಸುವ ಕಾಲ ಮುಗಿದ ಮೇಲೆ ನಮಗೆ ಶಿಷ್ಯವೃತ್ತಿ ಒದಗಿತು.

ಆಕೆಯ ಪಾಠಕ್ರಮ ನಮ್ಮದಕ್ಕಿಂತ ಚಿಕ್ಕದು. ಮೊದಲ ವಾರ ದಾರವಿಲ್ಲದ ಸೂಜಿಯಿಂದ ಹಳೆಯ ಕಾಗದದ ಗೆರೆಗಳ ಮೇಲೆ ಹೊಲಿಗೆ. ಗೆರೆ ತಪ್ಪದೆ ಚುಚ್ಚು ಬಿದ್ದ ಮೇಲೆ ಬಟ್ಟೆ. ಬಟ್ಟೆಗೆ ಬಂದಾಗ ಆಕೆ ಹೇಳಿದ್ದು ಇಷ್ಟೆ: "ಎಳೆಯಬೇಡಿ. ಬಟ್ಟೆ ತಾನೇ ನಡೆಯುತ್ತದೆ, ನೀವು ದಾರಿ ತೋರಿಸಿ." ಯಂತ್ರದ ತಳದಲ್ಲಿರುವ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ಸರಿಸುತ್ತವೆ, ಕೈಯಿಂದ ಎಳೆದರೆ ಸೂಜಿ ಬಾಗುತ್ತದೆ. ಶಿಕ್ಷಕರ ತರಬೇತಿಯ ಶಾಲೆಗಳಲ್ಲಿ ಈ ವಾಕ್ಯವನ್ನು ಬರೆದು ತೂಗುಹಾಕಿದರೆ ತಪ್ಪಾಗಲಾರದು.

ಈ ಯಂತ್ರದ ಕೌಶಲವನ್ನು ಬಲ್ಲವರು ಕಡಮೆ. ಕೈಸೂಜಿಗೆ ಕಣ್ಣು ಹಿಂದೆ. ಯಂತ್ರದ ಸೂಜಿಗೆ ಮೊನೆಯ ಬಳಿ. ಮೇಲಿನ ದಾರವು ಬಟ್ಟೆಯನ್ನು ಹಾದು ಕೆಳಗಿಳಿದು ಕುಣಿಕೆಯಾಗುತ್ತದೆ. ಬಾಬಿನ್ನಿನ ದಾರವು ಆ ಕುಣಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡರ ಬಿಗುವೂ ಸಮವಾಗಿದ್ದರೆ ಹೆಣಿಗೆ ಬಟ್ಟೆಯ ನಡುವೆ ಅಡಗಿ, ಮೇಲೂ ಕೆಳಗೂ ಹೊಲಿಗೆ ಒಂದೇ ತೆರನಾಗಿ ಕಾಣುತ್ತದೆ. ಅಮೆರಿಕದ ಇಲಿಯಾಸ್ ಹೋ ಎಂಬವನು ಇಂಥ ಹೊಲಿಗೆಯ ಯಂತ್ರಕ್ಕೆ 1846ರಲ್ಲಿ ಹಕ್ಕುಪತ್ರ ಪಡೆದನು. ಐಸಾಕ್ ಸಿಂಗರನು 1851ರಲ್ಲಿ ಸುಧಾರಿಸಿದ ಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದು, ಮುಂದೆ ಅದನ್ನು ಲೋಕಕ್ಕೆಲ್ಲ ಹರಡಿದನು. ಯಂತ್ರಗಳ ವಿಷಯದಲ್ಲಿ ನಿಷ್ಠುರರಾಗಿದ್ದ ಗಾಂಧೀಜಿಯವರೂ 1924ರಲ್ಲಿ ಸಿಂಗರನ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯು ಕೈಯಲ್ಲಿ ಹೊಲಿದು ಹೊಲಿದು ಬಳಲುವುದನ್ನು ಕಂಡವನ ಪ್ರೀತಿಯೇ ಅದರ ಮೂಲ ಎಂಬುದು ಅವರು ಕೊಟ್ಟ ಕಾರಣ.

ಯಂತ್ರಕ್ಕಿಂತಲೂ ಬಟ್ಟೆಯನ್ನು ಅರಿಯುವುದು ದೊಡ್ಡದು. ಹಾಸುಹೊಕ್ಕು ಎಂಬ ಮಾತನ್ನು ಎಲ್ಲರೂ ಆಡುತ್ತೇವೆ. ಮಗ್ಗದ ಉದ್ದಕ್ಕೆ ಬಿಗಿದ ದಾರ ಹಾಸು. ಅಡ್ಡಲಾಗಿ ಲಾಳಿಯೊಡನೆ ಓಡುವುದು ಹೊಕ್ಕು. ಹಾಸಿನ ಕಡೆಗೆ ಎಳೆದರೆ ಬಟ್ಟೆ ಹೆಚ್ಚು ಜಗ್ಗುವುದಿಲ್ಲ. ಹೊಕ್ಕಿನ ಕಡೆಗೆ ಸ್ವಲ್ಪ ಜಗ್ಗುತ್ತದೆ. ಓರೆಯಾಗಿ ಎಳೆದರೆ ಬಹಳ. ಆದುದರಿಂದ ಉಡುಪಿನ ಉದ್ದವು ಹಾಸಿನ ಉದ್ದಕ್ಕೇ ಬರುವಂತೆ ಕತ್ತರಿಸಬೇಕು. ಹೊಸ ಹತ್ತಿಯ ಬಟ್ಟೆ ನೀರು ಕಂಡಾಗ ಕುಗ್ಗುವುದರಿಂದ, ಒಂದು ರಾತ್ರಿ ನೆನೆಯಿಟ್ಟು ಒಣಗಿಸಿದ ಮೇಲೆಯೇ ಕತ್ತರಿ ಮುಟ್ಟಿಸಬೇಕು. ನಮ್ಮ ಅಳತೆಯ ಜುಬ್ಬಕ್ಕೆ ಮೂವತ್ತಾರು ಅಂಗುಲ ಪನ್ನದ ಖಾದಿ ಎರಡೂಮುಕ್ಕಾಲು ಮೀಟರು ಸಾಕು. ಹಳೆಯ ಕ್ರಮದ ಜುಬ್ಬದಲ್ಲಿ ಬಹುತೇಕ ತುಂಡುಗಳೆಲ್ಲ ನೇರ ಗೆರೆಯವೇ; ಕಂಕುಳಿನಲ್ಲಿ ಒಂದು ಚೌಕತುಂಡನ್ನು ಸೇರಿಸಿ ತೋಳು ಎತ್ತಲು ಬಿಡುವು ಮಾಡುತ್ತಾರೆ. ನೂತು ನೇಯ್ದ ಬಟ್ಟೆಯ ಬೆಲೆಯನ್ನು ಬಲ್ಲವರ ವಿವೇಕ ಅದು, ಚೂರೂ ಹಾಳಾಗುವುದಿಲ್ಲ.

ಹೊಲಿದು ಮುಗಿಸಿದ ಬಟ್ಟೆಯನ್ನು ಕೊಟ್ಟರೆ ಮನೆಯಾಕೆ ಮೊದಲು ಒಳಮೈಯನ್ನು ಹೊರಮಾಡಿ ನೋಡುತ್ತಾಳೆ. ಧಾರವಾಡದ ಕಡೆಯ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಎಂಬ ಹೊಲಿಗೆಗಳಲ್ಲಿ ಹಿಂದು ಮುಂದೆಂಬ ಭೇದವೇ ಇಲ್ಲ. ನಮ್ಮಂಥವರಿಗೆ ಅದು ದೂರದ ಮಾತು. ಆದರೆ ಪರೀಕ್ಷೆ ಒಳಗಿನಿಂದ ಆಗತಕ್ಕದ್ದು ಎಂಬ ನಿಯಮವು ಎಲ್ಲ ಹೊಲಿಗೆಗೂ ಒಂದೇ.

ಅಳತೆ ತೆಗೆದುಕೊಂಡ ದಿನ ನಮಗೆ ನಮ್ಮ ಮೈಯ ವಿಷಯವಾಗಿ ಒಂದು ಹೊಸ ಸಂಗತಿ ತಿಳಿಯಿತು. ನಮ್ಮ ಬಲಭುಜವು ಎಡಭುಜಕ್ಕಿಂತ ಅರ್ಧ ಅಂಗುಲ ಕೆಳಗಿದೆ. ಮಕ್ಕಳ ಪುಸ್ತಕಗಳ ಜೋಳಿಗೆಯನ್ನು ಅಷ್ಟು ವರ್ಷ ಹೊತ್ತುದರ ಬಳುವಳಿಯೋ ಏನೋ! ಸಿದ್ಧ ಉಡುಪಿನ ಶಾಸ್ತ್ರದಲ್ಲಿ ಎಲ್ಲರಿಗೂ ಎರಡು ಭುಜಗಳು ಸಮ. ಮೂವತ್ತೆಂಟು, ನಲವತ್ತು, ನಲವತ್ತೆರಡು ಎಂದು ಮನುಷ್ಯರನ್ನು ವಿಂಗಡಿಸಿ, ಪ್ರತಿ ವರ್ಗಕ್ಕೂ ಒಂದು ಮಧ್ಯಮ ಮೈಯನ್ನು ಕಲ್ಪಿಸಿ ಅದಕ್ಕೆ ಹೊಲಿಯುತ್ತಾರೆ. ಆ ಮೈಯುಳ್ಳ ಮನುಷ್ಯನು ಎಲ್ಲಿಯೂ ಇಲ್ಲ; ಅವನ ಅಂಗಿಯನ್ನು ನಾವೆಲ್ಲರೂ ತೊಡುತ್ತೇವೆ. ಅರ್ಧ ಅಂಗುಲದ ವ್ಯತ್ಯಾಸವನ್ನು ಹೇಗಾದರೂ ಸಹಿಸಬಹುದು. ಮೈಯೇ ಬೇರೆಯಾಗಿ ಹೋದವರು ಏನು ಮಾಡಬೇಕು?

ಇದು ನಮಗೆ ಊಹೆಯ ಪ್ರಶ್ನೆಯಾಗಿರಲಿಲ್ಲ. ಬಿಗಿಯಾದ ರವಿಕೆಯ ತೋಳಿನೊಳಕ್ಕೆ ಎತ್ತಲಾರದ ಎಡಗೈಯನ್ನು ತೂರಿಸುವುದು ಪ್ರತಿದಿನದ ಯಾತನೆಯಾಗಿತ್ತು. ಕೊಕ್ಕೆಗಳನ್ನು ಸಿಕ್ಕಿಸಲು ಎರಡು ಕೈ ಬೇಕು. ಬಂದವರೆಲ್ಲರೂ ನೈಟಿಯನ್ನು ಹಾಕಿಬಿಡಿ ಎಂದು ಸಲಹೆ ಕೊಟ್ಟರು. ಅದು ಸುಲಭವೆಂಬುದು ನಿಜ. ಆದರೆ ಹದಿನಾರನೆಯ ವಯಸ್ಸಿನಿಂದ ಸೀರೆಯುಟ್ಟವಳು, ನಾಲ್ಕು ಜನ ಬಂದು ಕುಳಿತ ಪಡಸಾಲೆಗೆ ನೈಟಿಯಲ್ಲಿ ಬರಲು ಒಪ್ಪದೆ, ಒಳಕೋಣೆಯಲ್ಲಿಯೇ ಉಳಿಯತೊಡಗಿದಳು. ಕಾಯಿಲೆಗಿಂತಲೂ ಇದು ಆಕೆಯನ್ನು ಹೆಚ್ಚು ಕುಗ್ಗಿಸಿತು.

ಎರಡು ಜುಬ್ಬಗಳನ್ನು ಹೊಲಿದು ಕೈ ಕುದುರಿದ ಮೇಲೆ, ಆಕೆಯ ಹಳೆಯ ರವಿಕೆಯೊಂದನ್ನು ನಮೂನೆಗಾಗಿ ಬಿಚ್ಚಿದೆವು. ಅದನ್ನು ಹೊಲಿದವಳು ಆಕೆಯೇ. ಪಕ್ಕದ ಹೊಲಿಗೆಯ ಒಳಗೆ, ಎರಡು ಕಡೆಯೂ, ಒಂದೊಂದು ಅಂಗುಲ ಬಟ್ಟೆ ಮಡಿಕೆಯಾಗಿ ಉಳಿದಿತ್ತು. ಮುಂದೆ ಮೈ ತುಂಬಿದರೆ ಬಿಡಿಸಿಕೊಳ್ಳಲು ಹಿಂದಿನವರೆಲ್ಲ ಹೀಗೆ ಬಿಡುತ್ತಿದ್ದರಂತೆ. ಅಗ್ಗದ ಸಿದ್ಧ ಉಡುಪುಗಳಲ್ಲಿ ಇಷ್ಟು ಬಿಡುವುದು ಅಪರೂಪ. ಆಕೆ ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆದಳು, ನಾವು ಹೊಲಿದೆವು. ಎಡದೋಳನ್ನು ಕೈಯ ತುದಿಯಿಂದ ಕಂಕುಳಿನವರೆಗೂ, ಅಲ್ಲಿಂದ ಪಕ್ಕದ ಹೊಲಿಗೆಯ ಉದ್ದಕ್ಕೂ ತೆರೆದು, ಒಳಗಿದ್ದ ಆ ಅಂಗುಲದ ಬಟ್ಟೆಯ ಮೇಲೆಯೇ ಒತ್ತಿದರೆ ಹಿಡಿದುಕೊಳ್ಳುವ ವೆಲ್ಕ್ರೋ ಪಟ್ಟಿಯನ್ನು ಕೂಡಿಸಿದೆವು. ಮುಂಭಾಗದ ಕೊಕ್ಕೆಗಳ ಕೆಳಗೂ ಅದೇ ಪಟ್ಟಿ. ಕೊಕ್ಕೆಗಳು ನೋಟಕ್ಕೆ ಮಾತ್ರ. ತೊಡುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಬಲವುಳ್ಳ ಕೈ ಮೊದಲು ಎಂಬುದು ಇಂಥವರಿಗೆ ವೈದ್ಯರು ಕಲಿಸುವ ಕ್ರಮ; ರವಿಕೆಯೂ ಆ ಕ್ರಮಕ್ಕೆ ಒಪ್ಪುವಂತಾಯಿತು. ಮರುದಿನ ಬೆಳಗ್ಗೆ ಆಕೆ ಬಾಗಿಲು ಮುಚ್ಚಿಕೊಂಡು, ಬಹಳ ಹೊತ್ತು ತೆಗೆದುಕೊಂಡು, ಯಾರ ಸಹಾಯವೂ ಇಲ್ಲದೆ ತಾನೇ ತೊಟ್ಟುಕೊಂಡಳು. ಸೀರೆಗೆ ಮಾತ್ರ ಮಗಳನ್ನು ಕರೆದಳು. ಅಂದು ಕಾಫಿಯನ್ನು ಪಡಸಾಲೆಯಲ್ಲಿ ಕುಳಿತು ಕುಡಿದೆವು.

ತುನ್ನವೆಂದರೆ ಕಡಿದದ್ದು, ಚುಚ್ಚಿದ್ದು. ಅದನ್ನು ಮತ್ತೆ ನೇಯುವವನು ತುನ್ನವಾಯ. ಆ ಶಬ್ದಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ನಮಗೆ ಬೇಕಾಗಿಲ್ಲ.

ಮನೆಯಲ್ಲಿಯೇ ಹೊಲಿದುಕೊಂಡರೆ ದರ್ಜಿಯ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂದು ಕೆಲವರು ಕೇಳುವುದುಂಟು. ನಮ್ಮ ಬೀದಿಯ ದರ್ಜಿಗೆ ಈಗ ಬರುವ ಕೆಲಸದಲ್ಲಿ ಹೆಚ್ಚಿನದು ಸಿದ್ಧ ಉಡುಪುಗಳ ಉದ್ದ ಕಡಮೆ ಮಾಡುವುದೇ. ಅವನ ಕೆಲಸವನ್ನು ಕಿತ್ತುಕೊಂಡವರು ಯಾರೆಂಬುದು ಇದರಿಂದಲೇ ತಿಳಿಯುತ್ತದೆ. ಕಾಜ ಹಾಕುವ ಕ್ರಮವನ್ನು ನಾವು ಅವನ ಬಳಿಯೇ ಕಲಿತೆವು. ಒಂದು ಗುಂಡಿಯ ಕಾಜವನ್ನು ಕೈಯಲ್ಲಿ ಹೊಲಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಬಲ್ಲವನು ಕೂಲಿಯಲ್ಲಿ ಚೌಕಾಸಿ ಮಾಡಲಾರ. ಮದುವೆ ಮುಂಜಿಗಳ ಬಟ್ಟೆಯನ್ನು ಈಗಲೂ ಅವನಿಗೇ ಕೊಡುತ್ತೇವೆ; ಕೇಳಿದಷ್ಟನ್ನು ಕೊಡುತ್ತೇವೆ. ಇದರಿಂದ ಹಣ ಉಳಿಯುತ್ತದೆಯೇ ಎಂದರೆ, ಹೆಚ್ಚಾಗಿ ಏನೂ ಇಲ್ಲ. ಒಳ್ಳೆಯ ಬಟ್ಟೆ, ದಾರ, ಸೂಜಿಗಳ ಬೆಲೆಯಲ್ಲಿ ಅಗ್ಗದ ಸಿದ್ಧ ಅಂಗಿಯೊಂದು ಬಂದೇ ಬರುತ್ತದೆ. ಬಾಳಿಕೆಯಲ್ಲಿ ಮಾತ್ರ ವ್ಯತ್ಯಾಸ. ತಾನು ಹೊಲಿದುದನ್ನು ಒಂದು ಗುಂಡಿ ಬಿದ್ದಿತೆಂದು ಯಾರೂ ಎಸೆಯುವುದಿಲ್ಲ.

ಈ ಹವ್ಯಾಸಕ್ಕೆ ಮನಸ್ಸು ಮಾಡುವ ಗೃಹಸ್ಥರಿಗೆ ನಾಲ್ಕು ಮಾತು. ದಿಂಬಿನ ಗವಸಿನಿಂದ ಆರಂಭಿಸಿರಿ; ಅದರಲ್ಲಿ ನೇರ ಹೊಲಿಗೆಯಲ್ಲದೆ ಬೇರೇನೂ ಇಲ್ಲ. ಆಮೇಲೆ ಕೈಚೀಲ, ಪಾಯಿಜಾಮ, ಜುಬ್ಬ. ಕಾಲರಿನ ಅಂಗಿ ಕಡೆಗೆ. ಎರಡು ಸಲ ಅಳೆದು ಒಂದು ಸಲ ಕತ್ತರಿಸಿರಿ. ಬಟ್ಟೆಯ ಕತ್ತರಿಯಿಂದ ಕಾಗದವನ್ನು ಕತ್ತರಿಸಬೇಡಿರಿ, ಮೊಂಡಾಗುತ್ತದೆ. ದೀಪದ ಬೆಳಕಿನಲ್ಲಿ ಕಪ್ಪು ಬಟ್ಟೆಗೆ ಕೈಹಾಕಬೇಡಿರಿ. ಮನೆಯಲ್ಲಿ ತಾಯಿಯೋ ಅತ್ತೆಯೋ ಹೊಲಿಗೆ ಬಲ್ಲವರಿದ್ದರೆ ಅವರ ಬಳಿ ಕುಳಿತು ಕಲಿಯಿರಿ. ಅವರ ಕೈ ಸೋತಿದ್ದರೂ ವಿದ್ಯೆ ಸೋತಿರುವುದಿಲ್ಲ, ಕೇಳುವವರಿಲ್ಲದೆ ಸುಮ್ಮನಿರುತ್ತದೆ. ಪಕ್ಕದ ಹೊಲಿಗೆಯ ಒಳಗೆ ಒಂದಂಗುಲ ಬಟ್ಟೆಯನ್ನು ತಪ್ಪದೆ ಬಿಡಿರಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ; ಬೇಕಾದ ದಿನ ಒದಗುತ್ತದೆ.