ರೆಡಿಂಗ್ ಪಟ್ಟಣದ ಹೆಬ್ಬಾವಿನ ಮನೆ

೨೦೨೪ನೆಯ ಇಸವಿ ಸೆಪ್ಟೆಂಬರು ತಿಂಗಳಲ್ಲಿ ನಾವು ಆಂಗ್ಲದೇಶಕ್ಕೆ ಪ್ರಯಾಣಮಾಡಿದೆವು. ನಮ್ಮ ಅಕ್ಕನ ಮಗನು ಕುಟುಂಬಸಮೇತನಾಗಿ ಅಲ್ಲಿಯ ರೆಡಿಂಗ್ ಎಂಬ ಪಟ್ಟಣದಲ್ಲಿ ನೆಲಸಿದ್ದಾನೆ. ಲಂಡನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕೆನೆಟ್ ಎಂಬ ಚಿಕ್ಕ ಹೊಳೆಯು ಇಲ್ಲಿ ಥೇಮ್ಸ್ ನದಿಯನ್ನು ಸೇರುವುದು. ನಮ್ಮ ಕಡೆಯಾಗಿದ್ದರೆ ಸಂಗಮಕ್ಷೇತ್ರವೆನಿಸಿಕೊಳ್ಳುತ್ತಿತ್ತು. ಅಲ್ಲಿ ಸ್ನಾನಘಟ್ಟವಿಲ್ಲ, ಬಾತುಕೋಳಿಗಳುಂಟು. ಕೆಂಪು ಇಟ್ಟಿಗೆಯ ಮನೆಗಳು ಹೆಗಲಿಗೆ ಹೆಗಲು ತಾಗಿಸಿ ಸಾಲುಸಾಲಾಗಿ ನಿಂತಿವೆ. ಅಂತಹ ಒಂದು ಮನೆಯ ಮಹಡಿಯಲ್ಲಿ, ನಮಗೆ ಕೊಟ್ಟ ಕೊಠಡಿಗೆ ಮಗ್ಗುಲಲ್ಲಿಯೇ, ಒಂದು ಹೆಬ್ಬಾವು ವಾಸವಾಗಿದೆಯೆಂಬ ಸಂಗತಿಯನ್ನು ನಾವು ಕಾಫಿ ಕುಡಿದು ಮುಗಿಸಿದ ಮೇಲೆ ತಿಳಿಸಿದರು. ಮೊದಲೇ ತಿಳಿಸಿದ್ದರೆ ನಾವು ಬೆಂಗಳೂರನ್ನೇ ಬಿಡುತ್ತಿರಲಿಲ್ಲವೆಂಬುದು ಅವರಿಗೆ ಗೊತ್ತಿದ್ದಿತು.

ಹೆಬ್ಬಾವೆಂದೊಡನೆ ವಾಚಕರು ನಮ್ಮ ಕಾಡಿನ ಮಹಾಸರ್ಪವನ್ನು ಭಾವಿಸಬೇಕಾಗಿಲ್ಲ. ಅಜವನ್ನು, ಎಂದರೆ ಆಡನ್ನು, ನುಂಗುವುದರಿಂದ ಅಜಗರ ಎಂದು ತರಗತಿಯಲ್ಲಿ ಮೂವತ್ತು ವರ್ಷ ವ್ಯುತ್ಪತ್ತಿ ಹೇಳಿದವರು ನಾವು. ಆದರೆ ಇದು ಇಲಿಗಳಲ್ಲಿಯೇ ತೃಪ್ತಿಪಡುವ ಜಾತಿ. ಘಾನಾ, ಟೋಗೊ, ಬೆನಿನ್ ಮೊದಲಾದ ಪಶ್ಚಿಮ ಆಫ್ರಿಕೆಯ ದೇಶಗಳು ಇದರ ತೌರು. ಪೂರ್ಣ ಬೆಳೆದರೂ ನಾಲ್ಕೈದು ಅಡಿ, ವಿಷವಿಲ್ಲ. ಇಂಗ್ಲೀಷರು ಇದನ್ನು ರಾಯಲ್ ಪೈಥಾನ್ ಎನ್ನುವರು. ಭಯವಾದಾಗ ತಲೆಯನ್ನು ನಡುವೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೆರಿಕದವರು ಬಾಲ್ ಪೈಥಾನ್ ಎನ್ನುವರು. ನಮ್ಮ ದೇಶದ ಹೆಬ್ಬಾವನ್ನು ಮನೆಯಲ್ಲಿ ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಆದಕಾರಣ ಈ ಲೇಖನವನ್ನೋದಿ ಯಾವ ಮನೆಯ ಹುಡುಗನೂ ಗೋಣಿಚೀಲ ಹಿಡಿದು ಬೆಟ್ಟಕ್ಕೆ ಹೊರಡಕೂಡದು.

ಹಾವಿನ ಯಜಮಾನನು ಹನ್ನೆರಡು ವರ್ಷದ ಬಾಲಕ, ನಮ್ಮ ಅಳಿಯನ ಮಗ. ಹದಿನಾರು ತುಂಬದವರಿಗೆ ಪ್ರಾಣಿಯನ್ನು ಮಾರಬಾರದೆಂದು ಆ ದೇಶದ ೨೦೦೬ರ ಶಾಸನವಿರುವುದರಿಂದ ಕೊಂಡವನು ತಂದೆ. ಅಂಗಡಿಯವನು ಹಾವಿನೊಡನೆ ಎರಡಡಿ ಉದ್ದದ ಗಾಜಿನ ಪೆಟ್ಟಿಗೆಯನ್ನೂ, ಅಡಿಯಲ್ಲಿ ಹಾಸುವ ವಿದ್ಯುತ್ತಿನ ಬಿಸಿಚಾಪೆಯನ್ನೂ ಕೊಟ್ಟು, ಇಷ್ಟು ಸಾಕೆಂದು ಕಳುಹಿಸಿದ್ದನಂತೆ. ನಾಲ್ಕು ಕಡೆಯೂ ಗಾಜು, ಮೇಲೆ ಜಾಲರಿ, ನಡುವೆ ಎರಡು ಬದಿಯೂ ತೆರೆದ ಒಂದು ಪೊಳ್ಳು ಮರದ ತುಂಡು. ನಾವು ಹೋಗುವ ವೇಳೆಗೆ ಆ ಪ್ರಾಣಿ ಆಹಾರ ಮುಟ್ಟಿ ಏಳು ವಾರವಾಗಿದ್ದಿತು. ರಾತ್ರಿಯೆಲ್ಲ ಗಾಜಿಗೆ ಮೂತಿ ಉಜ್ಜಿ ಉಜ್ಜಿ ತುಟಿಯ ಮೇಲೆ ಕೆಂಪಗೆ ಗಾಯವಾಗಿದ್ದಿತು. ಹುಡುಗನು ಪ್ರತಿ ಭಾನುವಾರ ಅದನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳುತ್ತಿದ್ದನು. ಬರೆಯುವಾಗ ಯಾರನ್ನೂ ನೋಡುತ್ತಿರಲಿಲ್ಲ. ಕ್ರಿಸ್ಮಸ್ಸಿನೊಳಗೆ ತಿನ್ನದಿದ್ದರೆ ಬೇರೆಯವರಿಗೆ ಕೊಟ್ಟುಬಿಡುವುದೆಂದು ತಂದೆ ತೀರ್ಮಾನಿಸಿದ್ದನು. ನಾವೂ ಒಳಗೊಳಗೆ ಅದನ್ನೇ ಬಯಸಿದೆವೆಂದು ಒಪ್ಪಿಕೊಳ್ಳಬೇಕು.

ಪಶುವೈದ್ಯರು ಪರೀಕ್ಷಿಸಿ ರೋಗವಿಲ್ಲವೆಂದರು. ಪೆಟ್ಟಿಗೆಯ ಚಿತ್ರವನ್ನು ತೋರಿಸಿರೆಂದು ಕೇಳಿ, ನೋಡಿ, ಮೊದಲು ಮನೆಯನ್ನು ಬದಲಾಯಿಸಿ, ಔಷಧ ಆಮೇಲೆ ಎಂದರು. ಹಾವಿಗೆ ತನ್ನದೇ ದೇಹೋಷ್ಣವಿಲ್ಲ. ಬಿಸಿಯ ಕಡೆಗೂ ತಂಪಿನ ಕಡೆಗೂ ಹರಿದಾಡಿ ಬೇಕಾದುದನ್ನು ಪಡೆಯುವುದು. ತಿಂದುದು ಜೀರ್ಣವಾಗುವುದೂ ಇದರಿಂದಲೇ. ನಮ್ಮ ಪೆಟ್ಟಿಗೆಯಲ್ಲಿ ಚಾಪೆಯ ಮೇಲಿನ ಗಾಜು ೪೪ ಡಿಗ್ರಿ, ಸೆಂಟಿಗ್ರೇಡಿನಲ್ಲಿ. ಮಿಕ್ಕ ಭಾಗ ಕೊಠಡಿಯಷ್ಟೇ ತಣ್ಣಗೆ. ಬಾಣಲೆಗೂ ಬಾವಿಗೂ ನಡುವೆ ಜಾಗವಿರಲಿಲ್ಲ.

ಆ ಶನಿವಾರ ನಾವು ಮೂವರೂ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯಕ್ಕೆ ಹೋದೆವು. ಅಲ್ಲಿ ೧೯೨೭ರಲ್ಲಿ ತೆರೆದ ಹಳೆಯ ಸರ್ಪಗೃಹದ ವಿನ್ಯಾಸಮಾಡಿದವರು ಜೋನ್ ಪ್ರಾಕ್ಟರ್ ಎಂಬ ಮಹಿಳೆ. ೧೯೨೩ರಿಂದ ಆ ವಿಭಾಗದ ಮೇಲ್ವಿಚಾರಕರಾಗಿದ್ದು, ಮೂವತ್ತನಾಲ್ಕೇ ವರ್ಷ ಬಾಳಿ, ೧೯೩೧ರಲ್ಲಿ ತೀರಿಕೊಂಡರು. ಗೂಡಿನೊಳಗೆ ಒಂದೊಂದೆಡೆ ಒಂದೊಂದು ಪ್ರಮಾಣದ ಶಾಖವಿರುವಂತೆ ವಿದ್ಯುತ್ತನ್ನು ಬಳಸಬೇಕೆಂಬುದನ್ನು ಅಂದೇ ಆಚರಣೆಗೆ ತಂದವರು ಅವರು. ೨೦೨೪ರಲ್ಲಿ ಉರಗಗಳಿಗೆ ಬೇರೊಂದು ಹೊಸ ಗೃಹ ತೆರೆದಿದ್ದಿತು. ಅದರಲ್ಲಿ ನಮಗೆ ಮೊದಲು ಕಂಡದ್ದು ಬರಿಯ ಗಿಡ, ಕಲ್ಲು, ತೊಗಟೆ. ಒಂದು ಗೂಡಿನ ಮುಂದೆ ಬಹಳ ಹೊತ್ತು ನಿಂತಮೇಲೆ ಎಲೆಯ ಸಂದಿನಿಂದ ಒಂದು ಬಾಲದ ತುದಿ ಗೋಚರಿಸಿತು. ಹಣ ಕೊಟ್ಟು ಬಂದವರಿಗೆ ಇಷ್ಟೇಯೆ ಎಂದು ನಾವೆಂದೆವು. ಹುಡುಗನು ಮಾತ್ರ ಗಾಜಿಗೆ ಹಣೆಯಾನಿಸಿ, “ಅಜ್ಜಾ, ನಮ್ಮದಕ್ಕೆ ಅವಿತುಕೊಳ್ಳಲು ಜಾಗವೇ ಇಲ್ಲ” ಎಂದನು.

ನಮಗೆ ಒಡನೆಯೇ ಊರಿನ ಹುತ್ತ ನೆನಪಾಯಿತು. ಈ ಜಾತಿಯ ಹಾವೂ ತನ್ನ ದೇಶದಲ್ಲಿ ಇಲಿಯ ಬಿಲಗಳಲ್ಲಿಯೂ ಗೆದ್ದಲಿನ ಹುತ್ತಗಳಲ್ಲಿಯೂ ಹಗಲನ್ನು ಕಳೆದು ಇರುಳಿನಲ್ಲಿ ಹೊರಡುವಂಥದು. ಅಂತಹುದನ್ನು ತಂದು ಬೆಳಕಿನ ಗಾಜಿನೊಳಗೆ ಕೂಡಿಹಾಕಿ ಉಣ್ಣೆಂದರೆ ಉಂಡೀತೆ? ಸಂತೆಯ ನಡುವೆ ಎಲೆ ಹಾಕಿದರೆ ನಾವಾದರೂ ಉಣ್ಣುವೆವೆ?

ಎರಡು ಶನಿವಾರಗಳಲ್ಲಿ ಹೊಸ ಮನೆ ಸಿದ್ಧವಾಯಿತು. ಹಲಗೆಯಿಂದ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಮುಂಭಾಗಕ್ಕೆ ಮಾತ್ರ ಜಾರುವ ಗಾಜು, ಅದಕ್ಕೊಂದು ಬೀಗ. ಹಾವು ಗಾಜನ್ನು ಮೂತಿಯಿಂದ ಸರಿಸಿಕೊಂಡು ಹೊರಬರಬಲ್ಲದಾದ್ದರಿಂದ ಬೀಗದ ವಿಷಯದಲ್ಲಿ ನಾವು ಬಹು ಕಟ್ಟುನಿಟ್ಟು. ತೇವ ಇಳಿಯದಂತೆ ಸಂದುಗಳಿಗೆ ಅಂಟು ಹಚ್ಚಿ, ವಾಸನೆ ಹೋಗುವವರೆಗೂ ಒಣಗಿಸಿದೆವು. ಒಂದು ತುದಿಯ ಮೇಲ್ಗಡೆ ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಪಿಂಗಾಣಿಯ ದೀಪ. ಹಾವು ಸುತ್ತಿಕೊಂಡು ಸುಟ್ಟುಕೊಳ್ಳದಂತೆ ಅದಕ್ಕೆ ತಂತಿಯ ಬುಟ್ಟಿ. ಶಾಖವನ್ನು ಅಳತೆಯಲ್ಲಿಡುವ ಥರ್ಮೋಸ್ಟಾಟ್ ಎಂಬ ಯಂತ್ರವನ್ನು ಈ ಸಲ ಮೊದಲೇ ಕೊಂಡೆವು. ಬಿಸಿಯ ಕಡೆ ೩೨ ಡಿಗ್ರಿ, ತಂಪಿನ ಕಡೆ ೨೫. ಎರಡೂ ಕಡೆ ಒಂದೇ ಬಗೆಯ ಗುಡುಗಳು, ಒಂದೊಂದಕ್ಕೂ ಒಂದೇ ಚಿಕ್ಕ ಬಾಯಿ, ಒಳಗೆ ಸುತ್ತಿಕೊಂಡರೆ ಮೈಗೆ ಗೋಡೆ ತಾಗುವಷ್ಟೇ ಅಗಲ. ಒಂದೇ ಇಟ್ಟರೆ ಬೆಚ್ಚಗಿರುವುದೋ ಅವಿತಿರುವುದೋ ಎಂದು ಅದು ಆರಿಸಿಕೊಳ್ಳಬೇಕಾಗುವುದು. ಮೈಯನ್ನೇ ಮುಳುಗಿಸಬಲ್ಲ ನೀರಿನ ಬಟ್ಟಲೂ ಒಂದು.

ನೆಲಕ್ಕೆ ಹಾಸಲು ಇಟ್ಟಿಗೆಯಂತಹ ಕಂದು ಗಟ್ಟಿಗಳನ್ನು ತಂದಿದ್ದರು. ಬಕೆಟ್ಟಿನ ನೀರಿನಲ್ಲಿ ಹಾಕಲು ಅವು ಉಬ್ಬಿ ಉಬ್ಬಿ ಅಂಚಿನವರೆಗೆ ತುಂಬಿದವು. ಮೂಸಿದರೆ ತೆಂಗಿನ ಸಿಪ್ಪೆ! ಹೊದಿಕೆಯ ಮೇಲೆ ಭಾರತದಲ್ಲಿ ತಯಾರಾದುದೆಂದು ಅಚ್ಚಾಗಿದ್ದಿತು. ತಿಪಟೂರಿನ ಸೀಮೆಯಲ್ಲಿ ಹುಟ್ಟಿ, ತೋಟದಂಚಿನಲ್ಲಿ ಸಿಪ್ಪೆಯ ರಾಶಿಗಳನ್ನು ನೋಡಿ ಬೆಳೆದ ನಾವು ಆ ಪರದೇಶದ ಹಿತ್ತಿಲಿನಲ್ಲಿ ತೋಳು ಮಡಿಸಿ ಅದನ್ನು ಹಿಂಡುತ್ತ ಕುಳಿತುದನ್ನು ಕಂಡು ಅಳಿಯನ ಹೆಂಡತಿ ನಕ್ಕಳು. ಅದು ಹಿಡಿದಿಡುವ ತೇವದಿಂದ ಹಾವಿನ ಪೊರೆ ಹರಿಯದೆ ಒಂದೇ ಚೀಲವಾಗಿ ಕಳಚುವುದಂತೆ.

ಮೂರು ದಿನ ಬರಿಯ ಪೆಟ್ಟಿಗೆಯನ್ನೇ ಕಾಯಿಸಿ, ಅಂಕೆಗಳು ಸ್ಥಿರವಾದಮೇಲೆ ಹಾವನ್ನು ಬಿಟ್ಟೆವು. ಗಾಜಿಗೆ ಕಾಗದ ಅಂಟಿಸಿ ಒಂದು ವಾರ ಯಾರೂ ಮುಟ್ಟಬಾರದು, ಇಣಿಕಬಾರದೆಂದು ಕಟ್ಟಳೆಯಾಯಿತು. ಹಲಗೆ ಕೊಯ್ದುದಕ್ಕಿಂತ ಇದೇ ಕಷ್ಟದ ಕೆಲಸ. ಹುಡುಗನು ಬಾಗಿಲಿನ ಹೊರಗೆ ಕುಳಿತು ಪಾಠ ಓದುತ್ತಿದ್ದನು. ಭಾಗವತದಲ್ಲಿ ಬರುವ ಅಜಗರವೃತ್ತಿಯ ಮುನಿಯ ಕಥೆಯನ್ನು, ತಾನಾಗಿ ಬಂದುದನ್ನುಂಡು ಬಾರದಿದ್ದರೆ ಸುಮ್ಮನೆ ಮಲಗಿರುವವನ ಕಥೆಯನ್ನು, ನಾವು ಹೇಳಿದೆವು. “ಎಷ್ಟು ದಿನ ಸುಮ್ಮನೆ?” ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಆಹಾರದ ವಿಚಾರವನ್ನು ಬರೆಯಲು ನಮಗೆ ಸಂಕೋಚ. ಅದು ಸಸ್ಯಾಹಾರಿಗಳ ಮನೆ. ಹೆಪ್ಪುಗಟ್ಟಿಸಿದ ಸತ್ತ ಇಲಿಗಳಿಗೆಂದು ಗೃಹಿಣಿಯ ಷರತ್ತಿನಂತೆ ವಾಹನದ ಕೊಟ್ಟಿಗೆಯಲ್ಲಿ ಬೇರೊಂದು ಶೀತಪೆಟ್ಟಿಗೆ. ಜೀವಂತ ಇಲಿಯನ್ನು ಬಿಟ್ಟರೆ ಅದು ಹಾವನ್ನೇ ಕಚ್ಚುವುದುಂಟು. ಒಂಬತ್ತನೆಯ ರಾತ್ರಿ ಹುಡುಗನು ಇಲಿಯನ್ನು ಕರಗಿಸಿ, ಬಿಸಿನೀರಿನಿಂದ ಬೆಚ್ಚಗೆ ಮಾಡಿ, ಚಿಮಟದಿಂದ ಗುಡಿನ ಬಾಯಿಗೆ ಹಿಡಿದನು. ನಾವು ನಮ್ಮ ಕೊಠಡಿಯಲ್ಲಿ ಕದವಿಕ್ಕಿಕೊಂಡಿದ್ದೆವು. ಹತ್ತು ಗಂಟೆಯ ಮೇಲೆ ಕದ ತಟ್ಟಿತು. ಬಾಲಕನು ಮಾತಾಡಲಾರದೆ ಬರಿಯ ತಲೆಯಾಡಿಸಿದನು. ನಮಗೂ ಕಣ್ಣು ಹನಿಗೂಡಿತು, ಯಾರಿಗಾಗಿ ಎಂದು ಕೇಳಬೇಡಿರಿ.

ಈ ಹಾವುಗಳು ಇಪ್ಪತ್ತು ಮೂವತ್ತು ವರ್ಷ ಬಾಳುವುವು. ಅಮೆರಿಕದ ಸೈಂಟ್ ಲೂಯಿಸ್ ಮೃಗಾಲಯದಲ್ಲಿ ಅರುವತ್ತು ದಾಟಿದುದೊಂದು ೨೦೨೦ರಲ್ಲಿ ಮೊಟ್ಟೆಯಿಟ್ಟಿತು. ಇದನ್ನು ಕೇಳಿ ಅಳಿಯನು ನಿಟ್ಟುಸಿರುಬಿಟ್ಟನು.

ನವೆಂಬರಿನ ಕೊನೆಯಲ್ಲಿ ನಾವು ಹೊರಟ ದಿನ ವಿಮಾನನಿಲ್ದಾಣದ ವಾಹನ ಬಾಗಿಲಲ್ಲಿ ನಿಂತಿರುವಾಗ, ಒಂದು ಸಲ ಹಾವನ್ನು ನೋಡಿಕೊಂಡು ಬರುವೆವೆಂದು ಮಹಡಿಯೇರಿದೆವು. ಹುಡುಗನು ಅಡ್ಡ ನಿಂತು, “ಈಗ ಹಗಲು, ಅಜ್ಜಾ. ಮಲಗಿದೆ” ಎಂದನು. ನೋಡದೆಯೇ ಇಳಿದು ಬಂದೆವು.