ಹಳೆಯ ಜೀಪು ಕಲಿಸಿದ ಪಾಠ

ನಿವೃತ್ತಿಯ ತರುವಾಯ ಹೊಲಕ್ಕೆ ಹೋಗಿಬರಲು ಹಳೆಯ ಮಹೀಂದ್ರ ಜೀಪೊಂದನ್ನು ಕೊಂಡಿದ್ದೆನು. ದುಧನಿಯ ಪೇಟೆಗೆ ತೊಗರಿ ಒಯ್ಯುವ ದಿನವೇ ಅದು ಚಾಲೂ ಆಗಲಿಲ್ಲ. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಬೇಕೆಂದು ಚಿಂತಿಸುತ್ತಿರಲು, ಏಳನೆಯ ಇಯತ್ತೆಯಲ್ಲಿ ನಾನು ದಡ್ಡನೆಂದು ಜರೆದಿದ್ದ ಶಿಷ್ಯನು ಬಂದನು. ಈಗ ಆತ ಮಿಸ್ತ್ರಿ. ಬ್ಯಾಟರಿಯ ತುದಿಗಳಿಗೆ ಹಿಡಿದ ಬಿಳಿ ಕಿಲುಬನ್ನು ತೋರಿಸಿದನು. ಮೊದಲು ಋಣ ತುದಿಯ, ಅನಂತರ ಧನ ತುದಿಯ ತಂತಿಯನ್ನು ಬಿಚ್ಚಿ, ತಿನ್ನುವ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಪಾಲಿಶ್ ಪೇಪರಿನಿಂದ ತಿಕ್ಕಿ, ಒರೆಸಿ, ಬಿಗಿದು, ಗ್ರೀಸು ಸವರಿದನು. ಜೀಪು ಒಡನೆಯೇ ಚಾಲೂ ಆಯಿತು.

“ಸರ, ಬ್ಯಾಟರಿ ಸತ್ತಿಲ್ರಿ. ಕಿಲುಬು ಹಿಡದಿತ್ತು, ಅಷ್ಟ” ಎಂದನು. ಹಣ ಮುಟ್ಟಲಿಲ್ಲ.

ಕಿಲುಬು ತೊಳೆದು ನೋಡದೆ ಎಷ್ಟು ಮಕ್ಕಳನ್ನು ನಾನು ನಪಾಸು ಮಾಡಿದೆನೋ! ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಅವರೆಲ್ಲರ ಕ್ಷಮೆ ಕೋರುತ್ತೇನೆ.