ಜರ್ಸಿಗಿಂತ ಮೊದಲು
(ದಿನಚರಿಯ ಪುಟಗಳು)

6 ಜುಲೈ 2025, ರವಿವಾರ
ರಾಜೂರ

ನಮ್ಮ ಶಾಲೆಯ ಹುಡುಗಿಯರ ಕಬಡ್ಡಿ ತಂಡ ಕಟ್ಟುವ ಹೊತ್ತು ಬಂದಿದೆ. ಆಡಬಲ್ಲವರಿಗೆ ಕೊರತೆ ಇಲ್ಲ. ಎಡಮೂಲೆಯಲ್ಲಿ ನಿಲ್ಲುವ ಒಂಬತ್ತನೆಯ ತರಗತಿಯ ಹುಡುಗಿ ಕಾಲಿಗೆ ಕೈ ಹಾಕಿದಳೆಂದರೆ ರೇಡರ್ ಬಿಡಿಸಿಕೊಂಡು ಹೋದದ್ದನ್ನು ನಾನು ಕಂಡಿಲ್ಲ. ನಿನ್ನೆ ಅವಳೇ ಬಂದು "ಅಕ್ಕೋರ, ನಾ ಆಡಂಗಿಲ್ರಿ" ಅಂದಳು. ಕಾಲು ನೋಯುತ್ತದೆಯೇ ಎಂದರೆ ಇಲ್ಲ, ಮನೆಯಲ್ಲಿ ಬೈದರೇ ಎಂದರೆ ಅದೂ ಇಲ್ಲ. ನೀರಿನ ಟಾಕಿಯ ಹಿಂದೆ ಕರೆದುಕೊಂಡು ಹೋಗಿ ಕೂರಿಸಿದ ಮೇಲೆ ಬಾಯಿ ಬಿಟ್ಟಳು. ಹಿಡಿತದಲ್ಲಿ ಚಡ್ಡಿ ಜಾರುತ್ತದೆ, ಬಿದ್ದಾಗ ಬನಿಯನ್ ಮೇಲೇರುತ್ತದೆ, ಕಾಂಪೌಂಡಿನ ಮೇಲೆ ಹುಡುಗರು ಕೂತಿರುತ್ತಾರೆ.

ಹೆಣ್ಣುಮಕ್ಕಳು ಯಾಕೆ ಆಟ ಬಿಡುತ್ತಾರೆ ಎಂದು ಸಭೆಗಳಲ್ಲಿ ಕೇಳಿದಾಗ ಮದುವೆ, ಹೊಲಮನಿ ಕೆಲಸ, ಹಿರಿಯರ ಒಲ್ಲೆತನ ಎಂದು ಹೇಳುತ್ತೇವೆ. ಅವೆಲ್ಲ ಇದ್ದದ್ದೇ. ಆದರೆ ಮೈದಾನದಲ್ಲಿ ಎಲ್ಲಕ್ಕಿಂತ ಮೊದಲು ಅಡ್ಡ ಬರುವುದು ಈ ಸಡಿಲ ಚಡ್ಡಿ.

9 ಜುಲೈ, ಬುಧವಾರ

ನಿಯಮದ ಪುಸ್ತಕ ತೆಗೆದು ಉಡುಪಿನ ಭಾಗವನ್ನು ಮತ್ತೆ ಓದಿದೆ. ಬನಿಯನ್, ಚಡ್ಡಿ, ಚಡ್ಡಿಯ ಒಳಗೆ ಟೈಟ್ಸ್ ಇಲ್ಲವೇ ಲಂಗೋಟಿ. ಬೆನ್ನಿಗೂ ಎದೆಗೂ ಎದ್ದು ಕಾಣುವ ಅಂಕಿ. ಮೈಮೇಲೆ ಲೋಹ ಇರಕೂಡದು, ಉಗುರು ಕತ್ತರಿಸಿರಬೇಕು, ಎಣ್ಣೆ ಹಚ್ಚಿರಬಾರದು. ಒಳಗಿನ ಬಟ್ಟೆ ಆಟದ ನಿಯಮದಲ್ಲೇ ಇದೆ ಅಂದಮೇಲೆ ಅದನ್ನು ಹುಡುಗಿಯರ ಮನೆಗೆ ಬಿಟ್ಟುಕೊಟ್ಟು ನಾವು ಕಣ್ಣು ಮುಚ್ಚಿ ಕೂರುವುದು ಸರಿಯಲ್ಲ. ಲಂಗೋಟಿ ಎಂದು ಬರೆದವರ ಕಣ್ಣ ಮುಂದೆ ಇದ್ದವರು ಗಂಡಸರೇ ಇರಬೇಕು. 2010ರಲ್ಲಿ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಮಹಿಳಾ ಕಬಡ್ಡಿ ಮೊದಲ ಸಲ ಸೇರಿತು. ಚಿನ್ನ ಗೆದ್ದ ಭಾರತ ತಂಡದಲ್ಲಿ ಕಾರ್ಕಳ ಕಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ ಇಬ್ಬರೂ ಇದ್ದರು. ನಮ್ಮ ಹುಡುಗಿಯರಿಗೆ ಅವರ ರೇಡ್ ತೋರಿಸುತ್ತೇವೆ. ಅವರು ಒಳಗೆ ಏನು ಹಾಕಿಕೊಂಡು ಆಡುತ್ತಿದ್ದರು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಈ ಸಂಕಟ ರಾಜೂರಿನದಷ್ಟೇ ಅಲ್ಲ. ಓಡುವ ಹೆಂಗಸರಿಗೆಂದೇ ಬ್ರಾ ಹುಟ್ಟಿದ್ದು 1977ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ. ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಗಂಡಸರ ಎರಡು ಜಾಕ್‌ಸ್ಟ್ರಾಪ್ ಜೋಡಿಸಿ ಹೊಲಿದು ಮೊದಲನೆಯದನ್ನು ಮಾಡಿದರು. ಆಡುವ ಗಂಡಸಿಗೆ ಎಂದೋ ಸಿಕ್ಕಿದ್ದನ್ನು ಹೆಂಗಸರು ತಾವೇ ಹೊಲಿದುಕೊಳ್ಳಬೇಕಾಯಿತು.

13 ಜುಲೈ, ರವಿವಾರ

ಗಜೇಂದ್ರಗಡಕ್ಕೆ ಹೋಗಿ ಬಂದೆ. ಅಂಗಡಿಯವರು ಮೊದಲು ತೆಗೆದದ್ದು ಬಿಳಿ ಕಾಟನ್ ಲೆಗ್ಗಿಂಗ್ಸ್. ಕಾಟನ್ ಮೈಗೆ ಹಿತ ಎಂಬ ಮಾತು ಮನೆಯಲ್ಲಿ ಕೂತವರಿಗೆ ಸರಿ. ಅದು ಬೆವರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಭಾರವಾಗುತ್ತದೆ, ತೊಡೆಯ ಸಂದಿಯಲ್ಲಿ ತಿಕ್ಕುತ್ತದೆ. ಸಾಧಾರಣ ಹವೆಯಲ್ಲೇ ಕಾಟನ್ ತನ್ನ ತೂಕದ ಶೇಕಡಾ 8ರ ಮೇಲೆ ತೇವ ಹಿಡಿಯುತ್ತದೆ, ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ ಅರ್ಧಕ್ಕೂ ಕಡಿಮೆ. ಹಾಗಾಗಿ ಲೈಕ್ರಾ ಬೆರೆತ ಪಾಲಿಯೆಸ್ಟರ್ ಇಲ್ಲವೇ ನೈಲಾನ್ ಕೇಳಿದೆ. ಮಳೆಗಾಲ, ರಾತ್ರಿ ಒಗೆದದ್ದು ಬೆಳಗಾಗುವಷ್ಟರಲ್ಲಿ ಒಣಗಬೇಕು. ಹೆಚ್ಚಿನವರಿಗೆ ಇರುವುದೇ ಒಂದು ಜೊತೆ.

ಕೈಯನ್ನು ಒಳಗೆ ಹಾಕಿ, ಬಟ್ಟೆ ಎಳೆದು, ಬಾಗಿಲ ಬೆಳಕಿಗೆ ಹಿಡಿದೆ. ಬೆರಳು ಕಂಡವನ್ನೆಲ್ಲ ಬದಿಗಿಟ್ಟೆ. ಒಳಮಗ್ಗುಲು ತಿರುವಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದೆ: ಉಬ್ಬಿದ್ದರೆ ಅದೇ ಗೆರೆಯಲ್ಲಿ ಚರ್ಮ ಕಿತ್ತುಬರುತ್ತದೆ, ಚಪ್ಪಟೆಯಾಗಿರಬೇಕು. ಎರಡು ತೊಡೆ ಕೂಡುವಲ್ಲಿ ಒಂದು ಬೇರೆ ತುಂಡು ಕೊಟ್ಟು ಹೊಲಿದಿದ್ದರೆ ಕುಕ್ಕರಗಾಲಿನಲ್ಲಿ ಕೂತಾಗ ಹರಿಯುವುದಿಲ್ಲ. ಬಣ್ಣ ಕಪ್ಪು, ಬೇರೆ ಮಾತೇ ಇಲ್ಲ. ಮುಟ್ಟಾದ ದಿನ ಹುಡುಗಿಯ ಮನಸ್ಸು ರೇಡರ್ ಮೇಲಿರಬೇಕು, ಹಿಂದೆ ಕಲೆ ಬಿದ್ದಿದೆಯೋ ಎಂಬುದರ ಮೇಲಲ್ಲ. ಬಿಗಿಯಾದ ಟೈಟ್ಸ್ ಇದ್ದರೆ ಪ್ಯಾಡೂ ಸರಿಯುವುದಿಲ್ಲ.

ಉದ್ದ ಎಷ್ಟಿರಬೇಕು ಎಂದು ಬಹಳ ಹೊತ್ತು ಯೋಚಿಸಿದೆ. ಪಾದದವರೆಗೆ ಇದ್ದರೆ ಮನೆಯವರಿಗೆ ಸಮಾಧಾನ. ಆದರೆ ನುಣುಪು ಬಟ್ಟೆಯ ಮೇಲೆ ನೀಕ್ಯಾಪ್ ನಿಲ್ಲುವುದಿಲ್ಲ, ಪಿಂಡಿಯ ಕಡೆ ಜಾರುತ್ತದೆ. ಮೊಣಕಾಲಿನ ಮೇಲಕ್ಕೆ ನಿಲ್ಲುವುದನ್ನೇ ಆರಿಸಿದೆ. ಪೂರ್ತಿ ಕಾಲು ಮುಚ್ಚಲೇಬೇಕು ಎನ್ನುವ ಮನೆಯ ಹುಡುಗಿಗೆ ಉದ್ದದ್ದು ಕೊಡುತ್ತೇನೆ. ನೀಕ್ಯಾಪ್ ಜಾರಿದರೆ ಜಾರಲಿ, ಹುಡುಗಿ ಅಂಗಳದಲ್ಲಿರಲಿ.

16 ಜುಲೈ, ಬುಧವಾರ

ಬೆಂಗಳೂರಿನಲ್ಲಿ ಓದುವ ಅಣ್ಣನ ಮಗ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಫೋನಿನಲ್ಲಿ ಅವನ ಸಾಮಾನು ತೋರಿಸಿದ. ಪ್ಯಾಂಟಿನ ಒಳಗೆ ಬಿಗಿಯಾದದ್ದೊಂದು, ಅದರಲ್ಲಿ ಸೊಂಟಕ್ಕೆ, ತೊಡೆಗೆ, ಬೆನ್ನೆಲುಬಿನ ತುದಿಗೆ ದಿಂಡು ಸಿಗಿಸುವ ಜೇಬು. ಮೇಲೆ ಬೆಲ್ಟು. ಬೆಲ್ಟು ಸಡಿಲಾದರೆ ದಿಂಡು ಜಾಗ ಬಿಟ್ಟು ಸರಿಯುತ್ತದೆಯಂತೆ. ನಮ್ಮಲ್ಲಿ ದಿಂಡಿಲ್ಲ. ಬರಿ ಮೈಯೇ ನೆಲಕ್ಕೆ ಬೀಳುವುದು, ನಮ್ಮ ಮೈದಾನದಲ್ಲಂತೂ ಗರಸು ಕಲ್ಲು. ಆ ಒಂದು ಪದರ ಬಟ್ಟೆಯ ಬೆಲೆ ಇಲ್ಲಿ ಇನ್ನೂ ಹೆಚ್ಚು.

24 ಜುಲೈ, ಗುರುವಾರ, ನಾಗರ ಅಮಾವಾಸ್ಯೆ

ಚಡ್ಡಿಯ ಲಾಡಿ ನೋಡಿದೆ. ಬರಿ ಇಲಾಸ್ಟಿಕ್ ಸಾಲದು. ಸೊಂಟಕ್ಕೆ ಕೈ ಸುತ್ತಿ ಎಳೆದಾಗ ಇಲಾಸ್ಟಿಕ್ ಕೈಯ ಜೊತೆಗೇ ಹೋಗುತ್ತದೆ. ರೇಡರ್‌ನ ಬಟ್ಟೆಯನ್ನೋ ಕೂದಲನ್ನೋ ಬೇಕೆಂದೇ ಹಿಡಿದರೆ ಅವಳು ಔಟಲ್ಲ, ನಿಯಮ ಹಾಗಿದೆ. ಆದರೆ ಮೈ ಹಿಡಿಯಹೋದ ಕೈಗೆ ಬಟ್ಟೆ ಬಂದರೆ ಅಂಪೈರ್ ಏನು ಮಾಡಿಯಾನು! ಜೋತಾಡುವ ಬಟ್ಟೆಯಿಂದ ಇನ್ನೊಂದು ತೊಂದರೆಯೂ ಇದೆ, ಮುಟ್ಟುವ ಲೆಕ್ಕದಲ್ಲಿ ತೊಟ್ಟದ್ದೂ ಮೈಯೇ. ಓಣಿಯ ಟೇಲರ್‌ಗೆ ಹೇಳಿ ಎಲ್ಲ ಚಡ್ಡಿಗಳಿಗೂ ಚಪ್ಪಟೆ ನೂಲಿನ ಲಾಡಿ ಹಾಕಿಸಿ, ಹಿಂಬದಿಯಲ್ಲಿ ಒಂದು ಹೊಲಿಗೆ ಕೊಡಿಸಿದೆ, ತುದಿ ಒಳಗೆ ಸೇರಿಕೊಳ್ಳದಂತೆ. ಗಂಟು ಒಳಗೆ ಬರಬೇಕು, ಎರಡು ಸುತ್ತು.

ಬಳೆ, ಕಾಲಚೈನು ತೆಗೆದು ಬರಲು ಹುಡುಗಿಯರಿಗೆ ಹೇಳಿದ್ದೆ. ಸಂಜೆ ಒಬ್ಬಳ ಅಜ್ಜಿ ಬಂದರು. "ಅಮಾಸಿ ದಿನ ಬಳಿ ತಗಿಸೂದಂದ್ರ ಹೆಂಗ್ರಿ ಅಕ್ಕೋರ?" ಗಾಜು ಒಡೆದು ಕೈ ಕೊಯ್ದದ್ದನ್ನು ನೋಡಿದ್ದೇನೆ ಎಂದೆ. ಕಾಲಚೈನು ತೆಗೆಸುವುದಕ್ಕೆ ಅವರದೇನೂ ತಕರಾರಿಲ್ಲ, ಕಳೆದೀತೆಂಬ ಭಯವೇ ಇತ್ತಂತೆ. ಬಳೆಯ ಮಾತಿಗೆ ಸುಮ್ಮನೆ ಕೂತರು. ಆಮೇಲೆ ಮೊಮ್ಮಗಳ ಕೈಗೆ ಎಣ್ಣೆ ಹಚ್ಚಿ ತಾವೇ ಬಳೆ ಇಳಿಸಿ, ಅರಿಷಿಣದ ದಾರ ಕಟ್ಟಿದರು. ಎಣ್ಣೆ ತೊಳೆದುಕೊಂಡು ಬಾ ಎಂದು ನಾನು ಹೇಳಬೇಕಾಯಿತು.

31 ಜುಲೈ, ಗುರುವಾರ

ಪಂಚಮಿ ಮುಗಿಯಿತು. ಜೋಕಾಲಿ ಜೀಕಿ, ಉಂಡಿ ತಿಂದು ಬಂದ ಮಕ್ಕಳಿಗೆ ಇವತ್ತು ಕಾಲುಚೀಲದ ಪಾಠ. ಇಲ್ಲಿ ಮಣ್ಣಿನ ಮೇಲೆ ಬರಿಗಾಲು ನಡೆಯುತ್ತದೆ. ಮ್ಯಾಟ್ ಮೇಲೆ ಬೂಟು, ಕಾಲುಚೀಲ ಇಲ್ಲದೆ ಇಳಿಸುವುದಿಲ್ಲ. ಯೂನಿಫಾರ್ಮಿನ ತೆಳು ನೈಲಾನ್ ಚೀಲ ಬೂಟಿನೊಳಗೆ ಜಾರುತ್ತದೆ. ಕಾಲು ಮುಂದೆ ಹೋಗಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ, ತಿರುಗುವಾಗ ಹಿಮ್ಮಡಿ ಎದ್ದುಬರುತ್ತದೆ. ಹಿಮ್ಮಡಿ, ಬೆರಳು ಎರಡು ಕಡೆಯೂ ದಪ್ಪ ನೇಯ್ದದ್ದು, ನಡುಪಾದಕ್ಕೆ ಬಿಗಿ ಇರುವುದು ತರಿಸಿದ್ದೇನೆ. ಉದ್ದ ಮೊಣಕಾಲಿನ ಕೆಳಗಿನವರೆಗೆ, ಮ್ಯಾಟ್ ಮೇಲೆ ಜಾರಿದರೆ ಚರ್ಮ ಸುಡುತ್ತದೆ. ಬೂಟನ್ನು ಅಂಗಡಿಯಲ್ಲಿ ಇದೇ ಚೀಲ ಹಾಕಿಯೇ ನೋಡಬೇಕು. ಬರಿಗಾಲಿಗೆ ಸರಿಯಾದ ಬೂಟು ಆಮೇಲೆ ಕಚ್ಚುತ್ತದೆ.

ಎಡಮೂಲೆಯ ಹುಡುಗಿ ಇವತ್ತು ಹೊಸ ಟೈಟ್ಸ್ ಹಾಕಿಕೊಂಡು ಆಡಿದಳು. ಹಾರಿ ಬಿದ್ದಳು, ಎದ್ದಳು, ಚಡ್ಡಿಗೆ ಒಮ್ಮೆಯೂ ಕೈ ಹೋಗಲಿಲ್ಲ. ಅಷ್ಟನ್ನೇ ನೋಡುತ್ತಾ ನಿಂತಿದ್ದೆ.

10 ಆಗಸ್ಟ್, ರವಿವಾರ

ಹೆಸರುಕಾಯಿ ಬಿಡಿಸುವ ಕೆಲಸ ಶುರುವಾಗಿದೆ. ನಾಲ್ವರು ಹೊಲಕ್ಕೆ, ಉಳಿದವರಷ್ಟೇ ಅಭ್ಯಾಸಕ್ಕೆ. ಮಧ್ಯಾಹ್ನ ಊರಿನ ಹಿರಿಯರೊಬ್ಬರು ಬಂದು ತಂಡಕ್ಕೆ ಜರ್ಸಿ ಕೊಡಿಸುವುದಾಗಿ ಹೇಳಿದರು. ಬೆನ್ನ ಮೇಲೆ ಅವರ ತಂದೆಯ ಹೆಸರು ಬರಬೇಕು. ಒಳ್ಳೆಯ ಮನಸ್ಸು, ಬೇಡ ಎನ್ನಲು ಕಾರಣವಿಲ್ಲ. ಆದರೆ ಹಳೆಯ ಜರ್ಸಿ ಇನ್ನೊಂದು ವರ್ಷ ಬಾಳುತ್ತದೆ. 12 ಮಂದಿಗೆ ಎರಡೆರಡು ಜೊತೆ ಟೈಟ್ಸ್, ಎರಡೆರಡು ಸ್ಪೋರ್ಟ್ಸ್ ಬ್ರಾ, ಕಾಲುಚೀಲ ಬೇಕು, ಅವುಗಳ ಮೇಲೆ ಯಾರ ಹೆಸರೂ ಕಾಣುವುದಿಲ್ಲ ಎಂದು ಮುಖ ನೋಡಿಯೇ ಹೇಳಿದೆ. ಅವರು ಕೂಡಲೇ ಉತ್ತರ ಕೊಡಲಿಲ್ಲ. "ಮನ್ಯಾಗ ಅಕಿನ್ನ ಕೇಳಿ ಹೇಳ್ತೀನ್ರಿ ಅಕ್ಕೋರ" ಎಂದು ಎದ್ದರು. ಅವರ ಹೆಂಡತಿ ಹುಡುಗಿಯಾಗಿದ್ದಾಗ ಖೋಖೋ ಆಡುತ್ತಿದ್ದರೆಂದು ಕೇಳಿದ್ದೇನೆ. ನಾಳೆ ಶಾಲೆ ಬಿಟ್ಟ ಮೇಲೆ ಅವರ ಮನೆಗೇ ಹೋಗಿ, ಒಂದು ಜೊತೆಯನ್ನು ಅವರ ಕೈಗೇ ಕೊಟ್ಟು ತೋರಿಸಬೇಕು.